ಡಿವಿಡಿ ತೆವಳುವುದೇಕೆ?

2000ದ ದಶಕದಲ್ಲಿ ಮದುವೆಯಾದವರ ಬೀರುವಿನಲ್ಲಿ ಸ್ಟುಡಿಯೋದವರು ಕೊಟ್ಟ ಡಿವಿಡಿ ಒಂದೆರಡಾದರೂ ಸಿಗುತ್ತವೆ. ಮೇಲೆ ವಧೂವರರ ಫೋಟೊ, ಒಳಗೆ ಧಾರೆ, ಆರತಕ್ಷತೆ, ಊಟದ ಪಂಕ್ತಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕಲು ಜಾಗವೇ ಇರುವುದಿಲ್ಲ. ಹಾಗಾಗಿ ಹೊರಗಿನ ಡ್ರೈವ್ ಒಂದನ್ನು ಸಿಕ್ಕಿಸಿ, ವಿಡಿಯೋವನ್ನು ಫೈಲ್ ಮಾಡಿಟ್ಟುಕೊಳ್ಳಲು, ಅಂದರೆ ‘ರಿಪ್’ ಮಾಡಲು ಕೂರುತ್ತಾರೆ. ಎರಡು ಗಂಟೆಯ ವಿಡಿಯೋಗೆ ಪರದೆಯ ಮೇಲೆ ‘ಇನ್ನೂ ಐದು ಗಂಟೆ’ ಎಂದು ಕಂಡರೆ ಬೈಗುಳವೆಲ್ಲ ಕಂಪ್ಯೂಟರ್ ಪಾಲಿಗೆ. ಅದು ಎಷ್ಟೋ ಸಲ ನಿರಪರಾಧಿ.

ರಿಪ್ ಮಾಡುವಾಗ ನಡೆಯುವುದು ಎರಡು ಕೆಲಸ. ಡ್ರೈವ್ ಡಿಸ್ಕನ್ನು ಓದಬೇಕು, ಪ್ರೊಸೆಸರ್ ಆ ಚಿತ್ರಗಳನ್ನು ಬಿಚ್ಚಿ ಹೊಸ ರೂಪದಲ್ಲಿ ಕುಗ್ಗಿಸಬೇಕು. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶ ಎರಡನ್ನೂ ಒಟ್ಟಿಗೆ ಮಾಡುವುದರಿಂದ ನಮಗೆ ಕಾಣುವುದು ಒಂದೇ ವೇಗ. ಹಿಟ್ಟಿನ ಗಿರಣಿಯಲ್ಲಿ ಕಾಳು ಬೀಳುವುದು ತಡವೋ, ಕಲ್ಲು ತಿರುಗುವುದು ತಡವೋ ಎಂದು ಮೊದಲು ನೋಡಬೇಕಲ್ಲ, ಇಲ್ಲೂ ಹಾಗೆಯೇ. ವಿಂಡೋಸ್‌ನಲ್ಲಿ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸರ್ ಬಳಕೆ ಶೇ. 100ರ ಆಸುಪಾಸಿನಲ್ಲಿದ್ದರೆ ತಡವಾಗುತ್ತಿರುವುದು ಕುಗ್ಗಿಸುವಲ್ಲಿ. ಶೇ. 10-15ರಲ್ಲಿ ಆಡುತ್ತಿದ್ದರೆ, ಗ್ರಾಫಿಕ್ಸ್ ಚಿಪ್ಪಿಗೂ ಕೆಲಸ ವಹಿಸಿಲ್ಲದಿದ್ದರೆ, ಪ್ರೊಸೆಸರ್ ಸುಮ್ಮನೆ ಕೂತು ಡ್ರೈವ್‌ನ ದಾರಿ ಕಾಯುತ್ತಿದೆ ಎಂದರ್ಥ. ಇನ್ನೂ ಖಚಿತವಾಗಬೇಕಿದ್ದರೆ ಡಿಸ್ಕ್‌ನಲ್ಲಿರುವ ಫೋಲ್ಡರನ್ನು ಹಾಗೇ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ ನೋಡಿ. ಕಾಪಿಯೇ ತೆವಳಿದರೆ ತೊಂದರೆ ಡ್ರೈವ್‌ನ ಕಡೆಯದು.

ಡ್ರೈವ್‌ನ ಪೆಟ್ಟಿಗೆಯ ಮೇಲೆ 16 ಎಕ್ಸ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಡಿವಿಡಿಯ ಲೆಕ್ಕದಲ್ಲಿ 1 ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. ಆ ವೇಗದಲ್ಲಿ 4.7 ಜಿಬಿಯ ತುಂಬಿದ ಡಿಸ್ಕ್ ಓದಲು ಹೆಚ್ಚುಕಡಿಮೆ 57 ನಿಮಿಷ ಬೇಕು. 16 ಎಕ್ಸ್ ಆದರೆ ನಾಲ್ಕೇ ನಿಮಿಷ ಸಾಕಲ್ಲವೇ? ಸಾಲದು. ಡಿವಿಡಿಯಲ್ಲಿ ಮಾಹಿತಿ ಒಳಗಿನಿಂದ ಹೊರಗೆ ಸುರುಳಿಯಾಗಿ ಸಾಗುತ್ತದೆ. ಕೇಂದ್ರದಿಂದ 24 ಮಿ.ಮೀ. ದೂರದಲ್ಲಿ ಆರಂಭ, 58 ಮಿ.ಮೀ.ನಲ್ಲಿ ಮುಕ್ತಾಯ. ಇಂಥ ಡ್ರೈವ್ ಡಿಸ್ಕನ್ನು ಒಂದೇ ಗತಿಯಲ್ಲಿ ತಿರುಗಿಸುವುದರಿಂದ ಲೇಸರ್ ಎದುರು ಒಳಸುತ್ತು ನಿಧಾನವಾಗಿಯೂ ಹೊರಸುತ್ತು ವೇಗವಾಗಿಯೂ ಹಾದುಹೋಗುತ್ತದೆ. 16 ಎಕ್ಸ್ ಸಿಗುವುದು ಅಂಚಿನಲ್ಲಿ ಮಾತ್ರ, ಆರಂಭದಲ್ಲಿ ಅದು ಸುಮಾರು 6.6 ಎಕ್ಸ್. ಅರ್ಧವೇ ತುಂಬಿದ ಡಿಸ್ಕ್ ಆ ದೊಡ್ಡ ಅಂಕಿಯನ್ನು ಮುಟ್ಟುವುದೇ ಇಲ್ಲ. ಲ್ಯಾಪ್‌ಟಾಪ್‌ಗೆ ಹಾಕುವ ತೆಳು ಡ್ರೈವ್‌ಗಳಿಗಂತೂ ಸಾಮಾನ್ಯವಾಗಿ 8 ಎಕ್ಸ್ ಎಂಬುದೇ ಗರಿಷ್ಠ ಮಿತಿ.

16 ಎಕ್ಸ್‌ನಲ್ಲಿ ಡಿಸ್ಕ್ ನಿಮಿಷಕ್ಕೆ 9,200ರಷ್ಟು ಸುತ್ತು ತಿರುಗುತ್ತದೆ. ಆಗ ಅದರ ಅಂಚು ಗಂಟೆಗೆ 200 ಕಿ.ಮೀ. ವೇಗದಲ್ಲಿರುತ್ತದೆ. ಸಿನಿಮಾ ನೋಡುವಾಗ ಪಕ್ಕದಲ್ಲಿ ಈ ಗುಂಯ್‌ಗುಡುವಿಕೆ ಯಾರಿಗೆ ಬೇಕು? ಆದ್ದರಿಂದ ವಿಡಿಯೋ ಡಿಸ್ಕ್ ಎಂದು ಗೊತ್ತಾದ ಕೂಡಲೇ ತಾನಾಗಿ ವೇಗ ತಗ್ಗಿಸಿಕೊಳ್ಳುವಂತೆ ಅನೇಕ ಡ್ರೈವ್‌ಗಳನ್ನು ಕಾರ್ಖಾನೆಯಲ್ಲೇ ಕಟ್ಟಿಹಾಕಿರುತ್ತಾರೆ. ಬಲ್ಲವರು ಇದನ್ನು ರಿಪ್‌ಲಾಕ್ ಎನ್ನುತ್ತಾರೆ. ಬರೀ ಫೈಲುಗಳಿರುವ ಡಿಸ್ಕನ್ನು ಬೇಗ ಓದುವ ಡ್ರೈವ್ ವಿಡಿಯೋ ಡಿಸ್ಕ್ ಕಂಡಾಗ ಮಾತ್ರ ಸೋಮಾರಿಯಾದರೆ ಇದನ್ನೇ ಅನುಮಾನಿಸಬಹುದು.

ಇನ್ನು ಗೀರುಗಳು. ಡಿವಿಡಿಯಲ್ಲಿ ಮಾಹಿತಿ 32 ಕೆಬಿಯ ಕಂತೆಗಳಾಗಿ ಕೂತಿರುತ್ತದೆ. ಪ್ರತಿ ಕಂತೆಯ ಜೊತೆಗೂ ತಪ್ಪು ತಿದ್ದಲೆಂದೇ 4,832 ಹೆಚ್ಚುವರಿ ಬೈಟ್‌ಗಳಿರುತ್ತವೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಉಪಾಯ ಇದರ ಬೆನ್ನೆಲುಬು. ಅಳಿಸಿಹೋದ ಬೈಟ್‌ಗಳನ್ನು ಉಳಿದವುಗಳ ಲೆಕ್ಕಾಚಾರದಿಂದ ಮತ್ತೆ ಹುಟ್ಟಿಸಬಹುದು, ಸಣ್ಣಪುಟ್ಟ ಗೀರಿಗೆ ವೇಗ ಕುಂದುವುದೂ ಇಲ್ಲ. ಹಾನಿ ಆ ಮಿತಿ ಮೀರಿದಾಗ ಡ್ರೈವ್ ಹಿಂದೆ ಹೋಗಿ ಅದೇ ಜಾಗವನ್ನು ಮತ್ತೆ ಓದುತ್ತದೆ, ಆಗಲೂ ಆಗದಿದ್ದರೆ ತಿರುಗುವ ಗತಿ ಇಳಿಸಿ ಇನ್ನೊಮ್ಮೆ ಯತ್ನಿಸುತ್ತದೆ. ಕಾಯುತ್ತಾ ಕೂತವರಿಗೆ ಇದು ಜಡತನ, ಡ್ರೈವ್‌ನ ಮಟ್ಟಿಗೆ ಇದೇ ಎಚ್ಚರಿಕೆ. ಕೇಂದ್ರದಿಂದ ಅಂಚಿಗೆ ಎಳೆದ ಗೀರಿಗಿಂತ ಸುತ್ತಿನ ಗುಂಟ ಸಾಗಿದ ಗೀರು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಒಂದೇ ಕಂತೆಯ ಉದ್ದಕ್ಕೂ ಹಾನಿ ಮಾಡುತ್ತದೆ. ಡಿಸ್ಕ್ ಒರೆಸುವಾಗ ಗುಂಡಗೆ ಉಜ್ಜದೆ ಮಧ್ಯದಿಂದ ಅಂಚಿನ ಕಡೆಗೆ ಒರೆಸಬೇಕೆನ್ನುವುದು ಇದಕ್ಕಾಗಿಯೇ.

ಮದುವೆ ಡಿಸ್ಕ್‌ಗಳಿಗೆ ಮತ್ತೊಂದು ಕಂಟಕವಿದೆ. ಅಂಗಡಿಯ ಸಿನಿಮಾ ಡಿವಿಡಿಯಲ್ಲಿ ಮಾಹಿತಿ ಅಚ್ಚೊತ್ತಿದ ಕುಳಿಗಳಾಗಿರುತ್ತದೆ. ಸ್ಟುಡಿಯೋದಲ್ಲಿ ಬರ್ನ್ ಮಾಡಿದ ಡಿಸ್ಕ್‌ನಲ್ಲಿ ಅದು ಬಣ್ಣದ ಪದರದ ಮೇಲಿನ ಗುರುತು. ಬಿಸಿಲು, ಸೆಕೆ, ತೇವ ತಾಗಿದರೆ ಆ ಬಣ್ಣ ಕ್ರಮೇಣ ಕೆಡುತ್ತದೆ. ಸಾಲದ್ದಕ್ಕೆ ಮೇಲೆ ಅಂಟಿಸಿದ ಫೋಟೊ. ಕಾಗದ ಒಂದು ಕೂದಲೆಳೆ ವಾರೆಯಾದರೂ ತೂಕ ಸಮನಾಗದೆ, ವೇಗವಾಗಿ ತಿರುಗುವಾಗ ಡಿಸ್ಕ್ ಅದುರುತ್ತದೆ. ಅದನ್ನು ಕೀಳಲು ಹೋಗಬೇಡಿ. ತಂತ್ರಾಂಶದಲ್ಲಿ ಅವಕಾಶವಿದ್ದರೆ ಓದುವ ವೇಗವನ್ನು ನೀವೇ 4 ಎಕ್ಸ್‌ಗೋ 2 ಎಕ್ಸ್‌ಗೋ ಇಳಿಸಿ. ಮತ್ತೆ ಮತ್ತೆ ಓದುವ ಗೋಳು ತಪ್ಪಿ ಒಟ್ಟು ಕೆಲಸ ಬೇಗ ಮುಗಿಯುವುದುಂಟು.

ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಡೆಸ್ಕ್‌ಟಾಪ್ ಇನ್ನೂ ಓಡಿಸುತ್ತಿದ್ದರೆ ಅಲ್ಲೊಂದು ಸೊಗಸಾದ ಎಡವಟ್ಟಿದೆ. ಸಾಮಾನ್ಯವಾಗಿ ಡ್ರೈವ್ ಮಾಹಿತಿಯನ್ನು ಡಿಎಂಎ ವಿಧಾನದಲ್ಲಿ, ಪ್ರೊಸೆಸರ್‌ಗೆ ತೊಂದರೆ ಕೊಡದೆ ನೇರ ಮೆಮೊರಿಗೆ ಸಾಗಿಸುತ್ತದೆ. ಸಾಗಣೆಯಲ್ಲಿ ಆರು ತಪ್ಪುಗಳು ಕೂಡಿದರೆ ವಿಂಡೋಸ್ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಹೀಗೆ ಇಳಿಯುತ್ತಾ ಇಳಿಯುತ್ತಾ ಪಿಐಒ ಎಂಬ ಪುರಾತನ ವಿಧಾನಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಪ್ರೊಸೆಸರ್ ತಾನೇ ಕೂತು ಮಾಹಿತಿಯನ್ನೆಲ್ಲ ಎತ್ತಿಡಬೇಕು. ಕೆಟ್ಟ ಡಿಸ್ಕ್ ತೆಗೆದು ಒಳ್ಳೆಯದು ಹಾಕಿದರೂ, ಕಂಪ್ಯೂಟರ್ ಆರಿಸಿ ಹಚ್ಚಿದರೂ ಅದು ಮೇಲೇರುವುದಿಲ್ಲ! ಡಿವೈಸ್ ಮ್ಯಾನೇಜರ್‌ಗೆ ಹೋಗಿ ಡ್ರೈವ್ ಜೋಡಿಸಿರುವ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಬೇಕು. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಹಳೆಯ ಲೆಕ್ಕ ಮರೆಯುತ್ತದೆ.

ಟಾಸ್ಕ್ ಮ್ಯಾನೇಜರ್ ಶೇ. 100 ತೋರಿಸಿದರೆ ಕಥೆ ಬೇರೆ. ನಮ್ಮ ದೇಶದ ಡಿವಿಡಿಯ ಒಂದು ಚಿತ್ರದಲ್ಲಿ ಸಾಮಾನ್ಯವಾಗಿ 720 × 576 ಚುಕ್ಕೆಗಳು, ಸೆಕೆಂಡಿಗೆ 25 ಚಿತ್ರಗಳು. ಅಂದರೆ ಪ್ರತಿ ಸೆಕೆಂಡಿಗೂ ಒಂದು ಕೋಟಿ ದಾಟಿದ ಚುಕ್ಕೆಗಳು. ಎಚ್.264 ವಿಧಾನದಲ್ಲಿ ಕುಗ್ಗಿಸುವಾಗ ಚಿತ್ರವನ್ನು 16 × 16 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಈ ಚೌಕ ಹಿಂದಿನ ಚಿತ್ರದಲ್ಲಿ ಎಲ್ಲಿತ್ತು, ಎತ್ತ ಸರಿಯಿತು ಎಂದು ಹುಡುಕುತ್ತಾರೆ. ಹುಡುಕಾಟ ಆಳವಾದಷ್ಟೂ ಫೈಲ್ ಚಿಕ್ಕದು, ಕಾಯುವುದು ಹೆಚ್ಚು. ‘ವೆರಿ ಸ್ಲೋ’ ಎಂದು ಆರಿಸಿಟ್ಟು ನಿಧಾನವಾಯಿತೆಂದು ದೂರುವವರೂ ಇದ್ದಾರೆ. ಎಚ್.265 ಆದರೆ ಇನ್ನೂ ನಿಧಾನ. ಮಸುಕು ತೆಗೆಯುವ ಫಿಲ್ಟರ್‌ಗಳು ಒಮ್ಮೊಮ್ಮೆ ಕುಗ್ಗಿಸುವುದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತವೆ.

ವೇಗ ಮೊದಲು ಚೆನ್ನಾಗಿದ್ದು ಸ್ವಲ್ಪ ಹೊತ್ತಿನಲ್ಲಿ ಕುಸಿದರೆ ಲ್ಯಾಪ್‌ಟಾಪ್ ಮುಟ್ಟಿ ನೋಡಿ. ಕಾವು ಮಿತಿ ಮೀರಿದರೆ ಪ್ರೊಸೆಸರ್ ತನ್ನ ಗತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ, ಅದೂ ಹಾಸಿಗೆ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದ ಯಂತ್ರದಿಂದ ಇನ್ನೇನು ನಿರೀಕ್ಷಿಸುತ್ತೀರಿ?

ಇಂಟೆಲ್ 2011ರಿಂದ, ಎನ್‌ವಿಡಿಯಾ 2012ರಿಂದ ತಮ್ಮ ಚಿಪ್‌ಗಳಲ್ಲಿ ವಿಡಿಯೋ ಕುಗ್ಗಿಸುವ ಕೆಲಸಕ್ಕೆಂದೇ ಪ್ರತ್ಯೇಕ ಭಾಗ ಇಟ್ಟಿವೆ. ಬಲು ವೇಗ, ಆದರೆ ಅದೇ ಗುಣಮಟ್ಟಕ್ಕೆ ಫೈಲ್ ಸಾಮಾನ್ಯವಾಗಿ ತುಸು ದೊಡ್ಡದಾಗುತ್ತದೆ. ನನ್ನನ್ನು ಕೇಳಿದರೆ ಮದುವೆಯ ವಿಡಿಯೋವನ್ನು ಕುಗ್ಗಿಸುವ ಗೊಡವೆಯೇ ಬೇಡ. ಇಂದಿನ ಹಾರ್ಡ್‌ಡಿಸ್ಕ್‌ಗೆ 4.7 ಜಿಬಿ ಯಾವ ಲೆಕ್ಕ? ಮದುವೆ ಡಿಸ್ಕ್‌ನಲ್ಲಿ ಸಿನಿಮಾ ಡಿಸ್ಕ್‌ಗಳಂಥ, ಕಾಪಿ ತಡೆಯುವ ಬೀಗವೂ ಇರುವುದಿಲ್ಲ. ಮೇಕ್‌ಎಂಕೆವಿಯಂಥ ತಂತ್ರಾಂಶ ಚಿತ್ರವನ್ನು ಮುಟ್ಟದೆ ಇದ್ದಹಾಗೇ ಒಂದು ಫೈಲ್‌ನಲ್ಲಿ ಕಟ್ಟಿಕೊಡುತ್ತದೆ. ಓದಲು ಎಷ್ಟು ಹೊತ್ತೋ ಅಷ್ಟೇ. ಓದುವುದೇ ಎಲ್ಲಾದರೂ ಸಿಕ್ಕಿಕೊಂಡರೆ ಬೇರೆ ಡ್ರೈವ್‌ಗೆ ಹಾಕಿ ನೋಡಿ. ಒಂದು ಡ್ರೈವ್ ಕೈಚೆಲ್ಲಿದ ಡಿಸ್ಕನ್ನು ಇನ್ನೊಂದು ಓದಿಬಿಡುವುದು ಅಪರೂಪವೇನಲ್ಲ.