ದುಡ್ಡು ಕೊಡುವ ಮುಂಚೆ ಕಪ್ಪು ಪರದೆ ನೋಡಿ

"ಅಣ್ಣಾ, ಧೂಳು ಅಂದ್ಕೊಂಡು ಮೂರು ದಿನ ಒರೆಸಿದೆ. ಹೋಗ್ತಾನೇ ಇಲ್ಲ." ಮದುವೆ ಫೋಟೊ ಎಡಿಟ್ ಮಾಡುವ ಹುಡುಗನೊಬ್ಬ ಹೊಸ ಮಾನಿಟರನ್ನು ನನ್ನ ಸರ್ವಿಸ್ ಟೇಬಲ್ ಮೇಲಿಟ್ಟ. ಪರದೆಯ ನಡುವೆ ಒಂದು ಹಸಿರು ಚುಕ್ಕೆ. ಚಿತ್ರ ಮೂಡಿಸುವ ಪುಟ್ಟ ಪುಟ್ಟ ಚುಕ್ಕೆಗಳಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲಿ, ಒಂದು ಕೆಟ್ಟಿತ್ತು. 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿಲಿಮೀಟರ್, ಸಾಸಿವೆಗಿಂತ ಎಷ್ಟೋ ಚಿಕ್ಕದು. ಆದರೆ ಕಪ್ಪು ಕೋಟಿನ ಮದುಮಗನ ಫೋಟೊ ತೆರೆದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತಿತ್ತು.

ಕಂಪನಿಗೆ ಫೋನ್ ಮಾಡಿದ್ದನಂತೆ. "ಅಂಥ ಚುಕ್ಕೆ ಎಷ್ಟಿವೆ?" ಎಂದು ಕೇಳಿದರಂತೆ. ಒಂದೇ ಎಂದಾಗ, ಬದಲಿಸಿ ಕೊಡಲು ಆಗುವುದಿಲ್ಲ ಎಂದರು. ಅವನಿಗೆ ಇದು ಮೋಸ ಅನಿಸಿತ್ತು. ಯಾರಿಗಾದರೂ ಹಾಗೇ ಅನಿಸುತ್ತದೆ, ಅಲ್ವಾ?

ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ತುಣುಕು. ಒಂದೊಂದು ತುಣುಕಿಗೂ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಪುಟ್ಟ ಟ್ರಾನ್ಸಿಸ್ಟರ್. ಒಟ್ಟು 62 ಲಕ್ಷಕ್ಕೂ ಜಾಸ್ತಿ. 4ಕೆ ಆದರೆ ಅದರ ನಾಲ್ಕರಷ್ಟು. ಇಷ್ಟರಲ್ಲಿ ಒಂದೆರಡು ಕೈಕೊಟ್ಟರೆ ಇಡೀ ಪ್ಯಾನೆಲ್ ಎಸೆಯಲು ತಯಾರಕರು ಒಪ್ಪುವುದಿಲ್ಲ. ಹಾಗಾಗಿ ಎಷ್ಟು ದೋಷ ನಡೆಯುತ್ತದೆ ಎಂದು ಅಳೆಯಲು 2001ರಲ್ಲಿ ಐಎಸ್‌ಒ 13406-2 ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂತು. ಅದರ ಎರಡನೇ ದರ್ಜೆಯಲ್ಲಿ ಪ್ರತಿ 10 ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ 2, ಸದಾ ಕಪ್ಪಾಗಿರುವ 2, ಬಣ್ಣದ ತುಣುಕು ಕೆಟ್ಟ 5 ಇರಬಹುದು. 2008ರಲ್ಲಿ ಐಎಸ್‌ಒ 9241-307 ಅದರ ಜಾಗಕ್ಕೆ ಬಂತು. ದರ್ಜೆ ಲೆಕ್ಕದ ರೀತಿ ಮಾತ್ರ ಉಳಿಯಿತು. ಫುಲ್ ಎಚ್‌ಡಿ ಪರದೆಗೆ ಈ ಹಳೇ ಲೆಕ್ಕ ಹಿಡಿದರೆ ಹತ್ತು ಬಣ್ಣದ ಚುಕ್ಕೆಯವರೆಗೂ ಅದು ಒಳ್ಳೇ ಮಾಲೇ. ಕೊಳ್ಳುವವರಿಗೆ ಇದನ್ನು ಯಾರೂ ಹೇಳುವುದಿಲ್ಲ ಎನ್ನುವುದು ನನ್ನ ಬೇಸರ. ಕೆಲವು ದುಬಾರಿ ಮಾಡೆಲ್‌ಗಳಿಗೆ, ಉದಾಹರಣೆಗೆ ಡೆಲ್ ಅಲ್ಟ್ರಾಶಾರ್ಪ್‌ಗೆ, ಒಂದೇ ಬೆಳಗುವ ಚುಕ್ಕೆ ಇದ್ದರೂ ಬದಲಿಸುವ ಭರವಸೆ ಇರುತ್ತದೆ. ಬಿಲ್ ಮಾಡಿಸುವ ಮುಂಚೆ ಆ ಸಾಲನ್ನು ಓದಿ.

ಕಪ್ಪು ಚುಕ್ಕೆ ಬಿಳಿ ಹಾಳೆಯಂಥ ಪುಟದಲ್ಲಿ ಮಾತ್ರ ಕಾಣುತ್ತದೆ. ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ಬೆಳಗುವ ಚುಕ್ಕೆ ಹಾಗಲ್ಲ, ರಾತ್ರಿ ಸಿನಿಮಾ ನೋಡುವಾಗ ತುಂಬಾ ಕಾಡುತ್ತದೆ.

ಅದಕ್ಕೇ ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ: ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಈ ಐದು ಖಾಲಿ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಅಲ್ಲಿನ ಕಂಪ್ಯೂಟರಿನಿಂದ ಪರದೆ ತುಂಬಾ ಹಾಕಿಸಿ. ಕಪ್ಪು ಬಂದಾಗ ಲೈಟ್ ಆರಿಸಲು ಕೇಳಿ. ಸಂಕೋಚ ಬೇಡ, ದುಡ್ಡು ನಿಮ್ಮದು. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಬಿಚ್ಚುವಾಗಲೇ ವಿಡಿಯೊ ಮಾಡಿ. ಅದೇ ದಿನ ಪರೀಕ್ಷೆ ಮಾಡಿ. ವಾಪಸ್ ಗಡುವು ಮುಗಿಯುವವರೆಗೆ ಡಬ್ಬಿ, ಥರ್ಮಾಕೋಲ್ ಎಸೆಯಬೇಡಿ. ಚುಕ್ಕೆಯನ್ನು ಬೆರಳಿನಿಂದ ಒತ್ತಿ ಸರಿ ಮಾಡಲು ಮಾತ್ರ ಹೋಗಬೇಡಿ. ಪಕ್ಕದ ಪಿಕ್ಸೆಲ್‌ಗಳೂ ಹಾಳಾಗಬಹುದು.

ಆ ಹುಡುಗ ಡಬ್ಬಿಯನ್ನು ಗುಜರಿಗೆ ಹಾಕಿದ್ದ. ಬಣ್ಣಗಳನ್ನು ಬೇಗ ಬೇಗ ಬದಲಿಸುವ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿದೆ. ಒಂದೇ ಬಣ್ಣದಲ್ಲಿ ಸಿಕ್ಕಿಕೊಂಡ ಚುಕ್ಕೆ ಕೆಲವೊಮ್ಮೆ ಅದರಿಂದ ಸರಿಹೋಗುತ್ತದೆ. ಇದು ಹೋಗಲಿಲ್ಲ. ಈಗ ಆ ಮಾನಿಟರ್ ಅವನ ಮೇಜಿನ ಪಕ್ಕಕ್ಕೆ ಸರಿದಿದೆ, ಫೋಲ್ಡರ್‌ಗಳನ್ನು ತೆರೆದಿಡಲು. ಎಡಿಟಿಂಗ್‌ಗೆ ಇನ್ನೊಂದು ಕೊಂಡ. ಕಪ್ಪು ಚಿತ್ರ ಹಾಕಿಸಿ ನೋಡಿಯೇ ದುಡ್ಡು ಕೊಟ್ಟನಂತೆ.