ಸೈಕಲ್ ತುಳಿಯಲು ಬೇರೆ ಬಟ್ಟೆ ಬೇಕೇ?

ಪ್ರಶ್ನೆ: ಇನ್ನು ಮುಂದೆ ಕೆಲಸಕ್ಕೆ ದಿನಾ ಸೈಕಲ್ಲಿನಲ್ಲೇ ಹೋಗಿಬರೋಣ ಎಂದುಕೊಂಡಿದ್ದೇನೆ. ಒಂದು ಕಡೆಗೆ ಐದಾರು ಕಿಲೋಮೀಟರ್ ಆಗುತ್ತದೆ. ಸೈಕಲ್ ತುಳಿಯುವ ಗೆಳೆಯರೆಲ್ಲ ಮೈಗಂಟುವ ಜೆರ್ಸಿ, ಪ್ಯಾಡ್ ಇರುವ ಚಡ್ಡಿ ಹಾಕುತ್ತಾರೆ. ನನಗೆ ಅದು ಮುಜುಗರ. ಮಾಮೂಲಿ ಪ್ಯಾಂಟು ಶರ್ಟಿನಲ್ಲೇ ಹೋದರೆ ಆಗದೇ?

ಉತ್ತರ: ಧಾರಾಳವಾಗಿ ಆಗುತ್ತದೆ. ಐದಾರು ಕಿಲೋಮೀಟರ್ ಎಂದರೆ ಅವಸರ ಮಾಡದೆ ತುಳಿದರೂ ಅರ್ಧ ಗಂಟೆಯೊಳಗಿನ ದಾರಿ. ನಿಮ್ಮ ಗೆಳೆಯರು ಹಾಕುವ ಉಡುಪು ಗಂಟೆಗಟ್ಟಲೆ ಮುಂದಕ್ಕೆ ಬಾಗಿ ವೇಗವಾಗಿ ಹೋಗುವವರಿಗಾಗಿ ಮಾಡಿದ್ದು. ಆ ವೇಗದಲ್ಲಿ ಪಟಪಟ ಹೊಡೆದುಕೊಳ್ಳುವ ಅಂಗಿ ನಿಜಕ್ಕೂ ಹಿಂದಕ್ಕೆ ಎಳೆಯುತ್ತದೆ, ನಿಮ್ಮ ವೇಗಕ್ಕೆ ಅದು ಲೆಕ್ಕಕ್ಕಿಲ್ಲ. ಪ್ಯಾಡ್ ಚಡ್ಡಿಯನ್ನಂತೂ ಒಳಚಡ್ಡಿ ಇಲ್ಲದೆ ನೇರ ಮೈಮೇಲೆ ಹಾಕಬೇಕು, ಹಾಕಿದಾಗಲೆಲ್ಲ ಒಗೆಯಬೇಕು, ತಲುಪಿದ ಕೂಡಲೇ ಬದಲಿಸಬೇಕು. ಗಂಟೆ ಮೀರುವ ಸವಾರಿಗೆ ಅದು ಬೇಕೇ ಬೇಕು ಎನ್ನುವವನು ನಾನು. ಆದರೆ ಅರ್ಧ ಗಂಟೆಗೆ ಆ ತಾಪತ್ರಯ ಯಾಕೆ?

ಹಾಗೆಂದು ಬೀರುವಿನಲ್ಲಿರುವುದೆಲ್ಲ ಸೈಕಲ್ಲಿಗೆ ಒಗ್ಗುವುದಿಲ್ಲ. ನಮ್ಮ ಬಟ್ಟೆಗಳ ಅಳತೆ ತೆಗೆಯುವುದು ನೆಟ್ಟಗೆ ನಿಂತಾಗ. ಸೈಕಲ್ ಮೇಲೆ ತೋಳು ಮುಂದೆ ಚಾಚಿರುತ್ತದೆ, ಬೆನ್ನು ಬಾಗಿರುತ್ತದೆ, ಮೊಣಕಾಲು ಏರಿಳಿಯುತ್ತಲೇ ಇರುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಅರ್ಧ ಗಂಟೆಯಲ್ಲಿ ಒಂದೊಂದು ಮೊಣಕಾಲು 1800 ಸಲ ಮಡಚುತ್ತದೆ. ಕುರ್ಚಿಯಲ್ಲಿ ಕೂತಾಗ ಗೊತ್ತೇ ಆಗದ ಹೊಲಿಗೆ ಅಷ್ಟು ಸಲ ಉಜ್ಜಿದ ಮೇಲೆ ಸುಮ್ಮನಿರುವುದಿಲ್ಲ.

ಪ್ಯಾಂಟಿನಲ್ಲಿ ಮೊದಲು ನೋಡಬೇಕಾದದ್ದು ಎರಡು ಕಾಲು ಕೂಡುವ ಜಾಗ. ಅಲ್ಲಿ ನಾಲ್ಕು ಕಡೆಯ ಹೊಲಿಗೆಗಳು ಬಂದು ಒಂದೇ ಕಡೆ ಸೇರುತ್ತವೆ. ಜೀನ್ಸಿನಲ್ಲಿ ಬಟ್ಟೆ ಮಡಚಿ ಎರಡೆರಡು ಸಾಲು ಹೊಲಿದಿರುವುದರಿಂದ ಅಲ್ಲೊಂದು ಗಟ್ಟಿ ಗಂಟೇ ಆಗಿರುತ್ತದೆ. ಸೀಟಿನ ಮೇಲೆ ನಮ್ಮ ಭಾರ ಹೊರಬೇಕಾದವು ಪೃಷ್ಠದ ಕೆಳಗಿನ ಎರಡು ಎಲುಬುಗಳು. ಅವುಗಳ ನಡುವಿನ ಮೆತ್ತನೆಯ ಜಾಗದಲ್ಲಿ ನರಗಳೂ ರಕ್ತನಾಳಗಳೂ ಹಾದುಹೋಗುತ್ತವೆ. ಜೀನ್ಸಿನ ಗಂಟು ಬಂದು ಕೂರುವುದು ನೇರ ಅಲ್ಲಿಗೇ. ಜೀನ್ಸ್ ಹಾಕಿ ಸೈಕಲ್ ತುಳಿದು, ಮರಗಟ್ಟಿತು ಎಂದು ಸೀಟನ್ನು ಬೈಯುವವರು ಬಹಳ. ತೆಳು ಹೊಲಿಗೆಯ ಕಾಟನ್ ಪ್ಯಾಂಟು ಹಾಕಿ ಒಮ್ಮೆ ನೋಡಿದರೆ ತಪ್ಪು ಯಾರದೆಂದು ತಿಳಿಯುತ್ತದೆ. ಟ್ರೆಕ್ಕಿಂಗ್ ಪ್ಯಾಂಟುಗಳಲ್ಲಿ ಆ ಜಾಗಕ್ಕೆ ವಜ್ರಾಕಾರದ ಬೇರೊಂದು ತುಂಡು ಕೂಡಿಸಿರುವುದುಂಟು. ಗಸೆಟ್ ಎನ್ನುತ್ತಾರೆ. ಅದರಿಂದ ಹೊಲಿಗೆಗಳು ಒಂದೆಡೆ ಸೇರದೆ ಚದುರುತ್ತವೆ, ಕಾಲೆತ್ತಲೂ ಸಲೀಸು. ಆಫೀಸಿಗೆ ಸಲ್ಲುವಂಥ ಪ್ಯಾಂಟಿನಲ್ಲಿ ಅದು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಶೇಕಡಾ ಎರಡು ಮೂರರಷ್ಟು ಎಲಾಸ್ಟೇನ್ ಸೇರಿದ, ಹಿಗ್ಗುವ ಬಟ್ಟೆಯದಾದರೂ ಸಾಕು.

ಕೊಳ್ಳುವಾಗ ಟ್ರಯಲ್ ರೂಮಿನ ಕನ್ನಡಿಯ ಮುಂದೆ ನಿಂತು ನೋಡಿಕೊಂಡರೆ ಏನೂ ಗೊತ್ತಾಗದು. ಕುಕ್ಕರಗಾಲಿನಲ್ಲಿ ಕೂತು ನೋಡಿ. ಒಂದು ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ. ತೊಡೆ ಬಿಗಿದರೆ, ಹಿಂದೆ ಸೊಂಟಪಟ್ಟಿ ಜಾರಿ ಬೆನ್ನು ಕಂಡರೆ, ಮುಂದೆ ಬಕಲ್ ಹೊಟ್ಟೆಗೆ ಒತ್ತಿದರೆ ಅದು ಬೇಡ. ಶರ್ಟಿಗೂ ಇದೇ ಪರೀಕ್ಷೆ. ಎರಡೂ ಕೈ ಮುಂದಕ್ಕೆ ಚಾಚಿದಾಗ ಬೆನ್ನಿಗೆ ಅಡ್ಡಲಾಗಿ ಬಿಗಿಯಬಾರದು, ಮಣಿಕಟ್ಟಿನ ಪಟ್ಟಿ ಮೊಣಕೈಯತ್ತ ಓಡಬಾರದು, ಹಿಂಭಾಗ ಉದ್ದವಿರಬೇಕು. ಭುಜದ ಕೆಳಗೆ ನೆರಿಗೆ ಇಟ್ಟು ಹೊಲಿದ ಶರ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಒಳಉಡುಪು ತೊಡೆಸಂದಿನಲ್ಲಿ ದಪ್ಪ ಅಂಚು ಇಲ್ಲದ್ದಾಗಿರಲಿ. ಸೈಕಲ್ ಉರಿಯ ಅರ್ಧ ಪಾಲು ಅಲ್ಲಿಂದಲೇ ಬರುವುದು ಎಂಬುದು ನನ್ನ ಗುಮಾನಿ. ಇಷ್ಟೆಲ್ಲ ಆದಮೇಲೂ ನೋವಿದ್ದರೆ ಸೀಟಿನ ಎತ್ತರ, ವಾಲಿಕೆ ಸರಿ ಇದೆಯೇ ನೋಡಿ. ಅದಕ್ಕೆ ಬಟ್ಟೆಯಲ್ಲಿ ಮದ್ದಿಲ್ಲ. ದಪ್ಪ ಮೆತ್ತೆಯ ಸೀಟು ಕವರ್ ಹಾಕಿದರೆ ಎಲುಬು ಒಳಗೆ ಹೂತು, ಮೆತ್ತೆ ಉಬ್ಬಿ ನಡುವಿನ ಜಾಗಕ್ಕೇ ಒತ್ತುವುದೂ ಉಂಟು.

ಇನ್ನು ನಾನು ಎಲ್ಲರಿಗೂ ಹೇಳುವ ಮುಖ್ಯ ಮಾತು. ಬಟ್ಟೆಯ ಮೇಲೆ ದುಡ್ಡು ಹಾಕುವ ಮುಂಚೆ ಸೈಕಲ್ಲಿನ ಮೇಲೆ ಹಾಕಿ. ಪ್ಯಾಂಟಿನ ತುದಿಗೆ ಗ್ರೀಸ್ ಮೆತ್ತುವುದು, ಚೈನಿಗೆ ಸಿಕ್ಕಿ ಹರಿಯುವುದು, ಬೆನ್ನಿನ ಮೇಲೆ ಕೆಸರಿನ ಗೆರೆ ಏಳುವುದು, ಬ್ಯಾಗಿನಡಿ ಬೆನ್ನೆಲ್ಲ ತೊಯ್ಯುವುದು, ಇವನ್ನೆಲ್ಲ ಬಟ್ಟೆಯ ತೊಂದರೆ ಎಂದು ಹೇಳುತ್ತೇವೆ. ಇವೆಲ್ಲ ಸೈಕಲ್ಲಿನಲ್ಲಿ ಏನೋ ಇಲ್ಲದ್ದರಿಂದ ಬಂದ ತೊಂದರೆಗಳು. ಚೈನ್ ಕವರ್, ಎರಡು ಮಡ್‌ಗಾರ್ಡ್, ಒಂದು ಕ್ಯಾರಿಯರ್ ಇದ್ದರೆ ನಾಲ್ಕೂ ಹೋದವು. ನೆದರ್ಲೆಂಡ್ಸಿನಲ್ಲಿ ಜನ ಕೋಟು, ಲಂಗ, ಸೂಟಿನಲ್ಲೇ ಸೈಕಲ್ ಹತ್ತುವುದನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಅವರ ಬಟ್ಟೆಯಲ್ಲಿ ವಿಶೇಷವೇನಿಲ್ಲ, ಸೈಕಲ್ಲಿನಲ್ಲಿದೆ. ಚೈನು ಪೂರ್ತಿ ಡಬ್ಬಿಯೊಳಗೆ ಮುಚ್ಚಿರುತ್ತದೆ, ಹಿಂಚಕ್ರದ ಎರಡೂ ಪಕ್ಕಕ್ಕೆ ಬಟ್ಟೆ ಸಿಕ್ಕದಂತೆ ಹೊದಿಕೆ ಇರುತ್ತದೆ, ಹ್ಯಾಂಡಲ್ ಎತ್ತರವಿದ್ದು ನೆಟ್ಟಗೆ ಕೂರಬಹುದು. ಗೇರ್ ಸೈಕಲ್ಲಿಗೆ ಪೂರ್ತಿ ಚೈನ್ ಕವರ್ ಕೂರದಿದ್ದರೆ ಬಲಗಾಲಿನ ಪ್ಯಾಂಟಿಗೆ ಒಂದು ಪಟ್ಟಿ ಬಿಗಿಯಿರಿ, ಎಡಗಾಲಿಗೆ ಬೇಕಿಲ್ಲ. ಉದ್ದ ಲಂಗ, ದುಪಟ್ಟಾ, ಕುತ್ತಿಗೆಯ ಶಾಲು ಇದ್ದವರು ಮಾತ್ರ ಹಿಂಚಕ್ರದ ಹೊದಿಕೆ ಇಲ್ಲದೆ ಹೊರಡಲೇಬಾರದು. ಇಳಿಬಿಟ್ಟ ತುದಿ ಕಡ್ಡಿಗಳ ನಡುವೆ ಹೋದರೆ ಬಟ್ಟೆ ಹರಿದು ಮುಗಿಯುವುದಿಲ್ಲ, ಸವಾರರೇ ಬೀಳುತ್ತಾರೆ.

ಸೈಕಲ್ಲಿಗೆ ಯಾವ ಬಟ್ಟೆ ಎಂಬ ಪ್ರಶ್ನೆ ಒಂದು ಕಾಲದಲ್ಲಿ ಕೋರ್ಟಿನವರೆಗೂ ಹೋಗಿತ್ತು. 1898ರಲ್ಲಿ ಇಂಗ್ಲೆಂಡಿನ ಲೇಡಿ ಹಾರ್ಬರ್ಟನ್ ಎಂಬವರು ಸೈಕಲ್ ತುಳಿದುಕೊಂಡು ಒಂದು ಹೋಟೆಲಿಗೆ ಹೋದರು. ಲಂಗ ಬಿಟ್ಟು ಸಡಿಲ ಚಲ್ಲಣ ತೊಟ್ಟಿದ್ದಾರೆಂದು ಕಾಫಿ ಕೋಣೆಯಲ್ಲಿ ಕೂರಲು ಹೋಟೆಲಿನವರು ಬಿಡಲಿಲ್ಲ. ಮರುವರ್ಷ ಮೊಕದ್ದಮೆ ನಡೆದು ಹೋಟೆಲೇ ಗೆದ್ದಿತು. ಆದರೆ ಹೆಣ್ಣುಮಕ್ಕಳ ಸೈಕಲ್ಲೂ ನಿಲ್ಲಲಿಲ್ಲ, ಚಲ್ಲಣವೂ ನಿಲ್ಲಲಿಲ್ಲ. ನಿಮ್ಮ ಮುಜುಗರ ಅದರ ಮುಂದೆ ಸಣ್ಣದು ಬಿಡಿ.

ಬೆವರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಸೈಕಲ್ ಬಿಡುವುದೇ ಅದಕ್ಕೆ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಪೆಡಲ್ಲಿಗೆ ತಲುಪುವುದು ನಾಲ್ಕೈದರಲ್ಲಿ ಒಂದು ಪಾಲು ಅಷ್ಟೇ, ಉಳಿದದ್ದು ಶಾಖ. ಆದ್ದರಿಂದ ಎಷ್ಟು ಜೋರಾಗಿ ತುಳಿಯುತ್ತೀರಿ ಎಂಬುದು ಯಾವ ಬಟ್ಟೆ ಎಂಬುದಕ್ಕಿಂತ ದೊಡ್ಡ ಮಾತು. ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗವನ್ನು 16ಕ್ಕೆ ಇಳಿಸಿದರೆ ಗಾಳಿಗೆ ತೆರುವ ಶಕ್ತಿ ಅರ್ಧದಷ್ಟಾಗುತ್ತದೆ. ಆರು ಕಿಲೋಮೀಟರಿಗೆ ತಡವಾಗುವುದು ನಾಲ್ಕೂವರೆ ನಿಮಿಷ. ಕೊನೆಯ ಒಂದು ಕಿಲೋಮೀಟರನ್ನಂತೂ ಬೇಕೆಂದೇ ನಿಧಾನ ಮಾಡಿ. ಬೆವರು ಕಾಣಿಸಿಕೊಳ್ಳುವುದು ತುಳಿಯುವಾಗಲ್ಲ, ನಿಂತು ಗಾಳಿ ತಪ್ಪಿದಾಗ. ಚಳಿಯಿದ್ದರೆ ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಹಾಕಿಕೊಳ್ಳಿ. ಹೊರಡುವಾಗಲೇ ಬೆಚ್ಚಗಿದ್ದವರು ಹತ್ತು ನಿಮಿಷದಲ್ಲಿ ಒಳಗೊಳಗೇ ನೆನೆದಿರುತ್ತಾರೆ. ಬೆರಳಿಗೂ ಕಿವಿಗೂ ಮಾತ್ರ ಈ ಜಿಪುಣತನ ಬೇಡ.

ಹತ್ತಿಯೋ ಪಾಲಿಯೆಸ್ಟರೋ ಎಂದು ವಾದ ಮಾಡುವವರು ಎರಡು ಬೇರೆ ಬೇರೆ ವಿಷಯಗಳನ್ನು ಕಲಸುತ್ತಾರೆ. ಮಾಮೂಲಿ ಗಾಳಿಯಲ್ಲಿರುವಾಗ ಹತ್ತಿಯ ನೂಲು ತನ್ನ ತೂಕದ ಸುಮಾರು 8 ಶೇಕಡಾ ತೇವ ಹಿಡಿದಿಟ್ಟುಕೊಳ್ಳುತ್ತದೆ, ಉಣ್ಣೆ ಅದರ ದುಪ್ಪಟ್ಟು, ಪಾಲಿಯೆಸ್ಟರ್ 0.4 ಶೇಕಡಾ ಮಾತ್ರ. ಅದಕ್ಕೇ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಹತ್ತಿ ಒದ್ದೆಯಾಗಿ ಮೈಗಂಟಿ ಕೂರುತ್ತದೆ. ವಾಸನೆಯಲ್ಲಿ ಲೆಕ್ಕ ಉಲ್ಟಾ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 26 ಜನರಿಂದ ಒಂದು ಗಂಟೆ ಜಿಮ್ಮಿನ ಸೈಕಲ್ ತುಳಿಸಿ, ಅವರ ಟಿ ಶರ್ಟುಗಳನ್ನು 28 ಗಂಟೆ ಮುಚ್ಚಿಟ್ಟು ಆಮೇಲೆ ಮೂಸಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪಾಲಿಯೆಸ್ಟರ್ ಅಂಗಿಗಳೇ ಹೆಚ್ಚು ನಾತ ಹೊಡೆದವು, ವಾಸನೆಯ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿದ್ದವು. ಹಾಗಾಗಿ ಅರ್ಧ ಗಂಟೆ ತುಳಿದು ಇಡೀ ದಿನ ಅದೇ ಅಂಗಿಯಲ್ಲಿ ಕೂರುವವರಿಗೆ ತೆಳು ಹತ್ತಿ ಅಥವಾ ಲಿನನ್ ಮೇಲು. ತಲುಪಿ ಬದಲಿಸುವವರಿಗೆ ಪಾಲಿಯೆಸ್ಟರ್ ಸರಿ. ತೆಳು ಮೆರಿನೋ ಉಣ್ಣೆ ಎರಡಕ್ಕೂ ಸಲ್ಲುತ್ತದೆ, ಜೇಬಿಗೆ ಮಾತ್ರ ಭಾರ. ಬಣ್ಣದ ಬಗ್ಗೆ ಒಂದೇ ಮಾತು: ತಿಳಿ ಬೂದು ಬಿಟ್ಟು ಯಾವುದಾದರೂ ಆದೀತು. ಬೆವರಿನ ಕಲೆಯನ್ನು ಅದರಷ್ಟು ಸಾರಿ ಹೇಳುವ ಬಣ್ಣ ಇನ್ನೊಂದಿಲ್ಲ.

ಮಳೆಗೆ ಮೈ ಮುಚ್ಚಿದ ರೇನ್‌ಕೋಟು ಹಾಕಿ ತುಳಿದರೆ ಹೊರಗಿನ ನೀರಿನ ಬದಲು ಒಳಗಿನ ಬೆವರಿನಲ್ಲಿ ನೆನೆಯುತ್ತೀರಿ. ಹ್ಯಾಂಡಲ್ ಮೇಲೆ ಹರಡಿಕೊಳ್ಳುವ, ಕೆಳಗಿನಿಂದ ಗಾಳಿಯಾಡುವ ಪಾಂಚೋ ನಿಧಾನದ ಸವಾರಿಗೆ ವಾಸಿ. ಬಿರುಗಾಳಿ ಇದ್ದ ದಿನ ಮಾತ್ರ ಅದು ಹಾಯಿಪಟದಂತೆ ಉಬ್ಬಿ ಸೈಕಲ್ಲನ್ನೇ ಎಳೆದಾಡುತ್ತದೆ.

ಕತ್ತಲಾದ ಮೇಲೆ ಮರಳುವವರಾದರೆ, ಗಿಳಿಹಸಿರು ಬಣ್ಣದ ಫ್ಲೋರೊಸೆಂಟ್ ಜಾಕೆಟ್ಟನ್ನು ನಂಬಬೇಡಿ. ಅದು ಹೊಳೆಯುವುದು ಬಿಸಿಲಿನಲ್ಲಿರುವ ನೇರಳಾತೀತ ಕಿರಣದಿಂದ, ರಾತ್ರಿ ಅದೂ ಒಂದು ಬಣ್ಣವಷ್ಟೇ. ರಾತ್ರಿ ಬೇಕಾದದ್ದು ವಾಹನದ ದೀಪವನ್ನು ಬಂದ ದಾರಿಗೇ ಹಿಂತಿರುಗಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಎದೆಗಿಂತ ಕಾಲಿನ ಗಿಣ್ಣಿಗೆ ಕಟ್ಟಿಕೊಳ್ಳಿ. ಮೇಲೆ ಕೆಳಗೆ ಆಡುವ ಎರಡು ಹೊಳಪನ್ನು ಕಂಡ ಚಾಲಕನಿಗೆ ಅಲ್ಲೊಬ್ಬ ಮನುಷ್ಯ ತುಳಿಯುತ್ತಿದ್ದಾನೆಂದು ತಟ್ಟನೆ ಹೊಳೆಯುತ್ತದೆ. ಬಲಗಾಲಿನ ಪ್ಯಾಂಟು ಬಿಗಿಯುವ ಪಟ್ಟಿಯ ಕೆಲಸವೂ ಅದರಿಂದಲೇ ಆಯಿತು.

ಶೂ ಯಾವುದಾದರೂ ಆಗಬಹುದು, ಅಡಿ ತೀರಾ ಮೆತ್ತಗಿರಬಾರದು. ಓಟದ ಶೂಗಳ ಸ್ಪಂಜಿನಂಥ ಅಡಿ ಪೆಡಲ್ಲಿನ ಸುತ್ತ ಬಾಗಿ, ಪಾದದ ಒಂದೇ ಜಾಗಕ್ಕೆ ಒತ್ತುತ್ತದೆ. ಲೇಸ್ ಇದ್ದರೆ ಎರಡು ಗಂಟು ಹಾಕಿ, ಉಳಿದ ತುದಿಗಳನ್ನು ಒಳಕ್ಕೆ ಸಿಕ್ಕಿಸಿ. ಅದರಲ್ಲೂ ಬಲಗಾಲಿನದ್ದನ್ನು, ಚೈನಿರುವುದು ಆ ಕಡೆಗೇ.