ಬೋಲ್ಟ್ ಬಿಗಿಯಿತು, ಒಳಗಿನ ಪದರ ಕೂಡಲಿಲ್ಲ

ಮಳೆಗಾಲದ ಒಂದು ಮಧ್ಯಾಹ್ನ, ಕಾರವಾರದ ನಮ್ಮ ವರ್ಕ್‌ಶಾಪಿಗೆ ಇಬ್ಬರು ಡಿಪ್ಲೊಮಾ ಹುಡುಗರು ಅಂಗೈಯಗಲದ ಫ್ಯುಯೆಲ್ ಸೆಲ್ ಹಿಡಿದು ಬಂದರು. ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದ ಜೊತೆ ಕೂಡಿಸಿ ಕರೆಂಟ್ ಕೊಡುವ ಸಾಧನ ಅದು; ಜೊತೆಗೆ ನೀರೂ ಹುಟ್ಟುತ್ತದೆ. "ಸರ್, ಲೋಡ್ ಜಾಸ್ತಿ ಮಾಡಿದ ಕೂಡಲೇ ವೋಲ್ಟೇಜ್ ಬೀಳ್ತದೆ. ಬೋಲ್ಟ್ ಎಷ್ಟು ಬಿಗಿದರೂ ಅಷ್ಟೇ."

ಸೆಲ್ ಬಿಚ್ಚಿದೆವು. ನಡುವೆ ಹೈಡ್ರೋಜನ್ನನ್ನೂ ಗಾಳಿಯನ್ನೂ ಬೇರೆಬೇರೆ ಇಡುವ ಪೊರೆ, ಅದರ ಎರಡೂ ಮೈಗೆ ಕ್ರಿಯೆ ಚುರುಕುಗೊಳಿಸುವ ಪ್ಲಾಟಿನಂ ಇರುವ ಕಪ್ಪು ಲೇಪ, ಆಚೀಚೆ ಕಾರ್ಬನ್ ಪೇಪರ್, ಹೊರಗೆ ಅನಿಲ ಹರಿಯಲು ಕಾಲುವೆ ಕೊರೆದ ಗ್ರಾಫೈಟ್ ಪ್ಲೇಟ್. ಪೇಪರಿಗೂ ಪ್ಲೇಟಿಗೂ ನಡುವೆ ಅಂಟಿಲ್ಲ. ಒತ್ತಿ ಹಿಡಿದರಷ್ಟೇ ಸಂಪರ್ಕ. ಎರಡೂ ಮೈ ತರಿತರಿ. ಪೇಪರಿನ ಕಾರ್ಬನ್ ನೂಲು ಪ್ಲೇಟಿಗೆ ತಾಗಿದ ಕಡೆ ಮಾತ್ರ ಕರೆಂಟ್ ದಾಟುತ್ತದೆ.

ಈ ಜಾಗದಲ್ಲಿ ಬರೀ 2 ಮಿಲಿ ಓಮ್ ರೋಧ ಹೆಚ್ಚಾಯಿತು ಅನ್ನಿ. 25 ಆಂಪಿಯರ್ ಎಳೆದಾಗ 0.05 ವೋಲ್ಟ್ ಹೋಯಿತು. ಲೋಡ್ ಇದ್ದಾಗ ಸೆಲ್ ಕೊಡುವುದೇ 0.6ರಿಂದ 0.7 ವೋಲ್ಟ್ ಅಲ್ವಾ? ಇಂಥ 40 ಸೆಲ್ ಸಾಲಾಗಿ ಜೋಡಿಸಿದರೆ 50 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಕಡಿಮೆ ಕರೆಂಟಿನಲ್ಲಿ ಈ ದೋಷ ಕಣ್ಣಿಗೇ ಬೀಳುವುದಿಲ್ಲ. ಹುಡುಗರು ಪ್ಲಾಟಿನಂ ಮೇಲೆ ಅನುಮಾನಪಟ್ಟಿದ್ದರು. ನನಗೆ ಅನುಮಾನ ಬಂದದ್ದು ಪೇಪರ್ ನೋಡಿ. ಸರಿಯಾಗಿ ಒತ್ತಿದ್ದರೆ ಅದರ ಮೇಲೆ ಪ್ಲೇಟಿನ ಕಾಲುವೆಗಳ ನಡುವಿನ ದಿಂಡುಗಳ ಗೆರೆ ಮೂಡಿರಬೇಕು. ಒಂದು ಗೆರೆಯೂ ಇರಲಿಲ್ಲ.

ಮೈಕ್ರೋಮೀಟರ್ ಹಿಡಿದೆವು. ಪೇಪರ್ 0.19 ಮಿಲಿಮೀಟರ್, ಅನಿಲ ಸೋರದಂತೆ ಅದರ ಸುತ್ತ ಇಡುವ ಗ್ಯಾಸ್ಕೆಟ್ 0.20. ಬೋಲ್ಟಿನ ಬಲವನ್ನೆಲ್ಲ ಗ್ಯಾಸ್ಕೆಟ್ಟೇ ಹೊತ್ತುಕೊಂಡಿತ್ತು! 0.15ರ ಗ್ಯಾಸ್ಕೆಟ್ ಹಾಕಿಸಿದೆ. ಈಗ ಪೇಪರ್ ಸುಮಾರು ಐದರಲ್ಲೊಂದು ಪಾಲು ಅದುಮಿಕೊಳ್ಳುತ್ತದೆ. ವೋಲ್ಟೇಜ್ ಮೇಲೆದ್ದಿತು.

ಹಾಗಂತ ಇನ್ನೂ ತೆಳ್ಳಗಿನ ಗ್ಯಾಸ್ಕೆಟ್ ಹಾಕಿ ಹಿಂಡಬೇಡಿ. ಕಾರ್ಬನ್ ಪೇಪರ್ ನಮ್ಮ ಶಿರಸಿ ಕಡೆಯ ತೊಡೆದೇವಿನ ಹಾಗೆ, ಸ್ವಲ್ಪ ಬಲ ಹೆಚ್ಚಾದರೂ ಪಟ್ಟನೆ ಮುರಿಯುತ್ತದೆ. ಮುರಿದ ನೂಲು ಪೊರೆಗೆ ಚುಚ್ಚಿ ತೂತಾದರೆ ಹೈಡ್ರೋಜನ್ ಗಾಳಿಯ ಕಡೆಗೆ ಸೋರುತ್ತದೆ. ಮುರಿಯದಿದ್ದರೂ ಸಂದುಗಳು ಮುಚ್ಚುತ್ತವೆ. ಆಮ್ಲಜನಕ ಒಳಗೆ ಹೋಗಬೇಕಾದ್ದು, ಹುಟ್ಟಿದ ನೀರು ಹೊರಗೆ ಬರಬೇಕಾದ್ದು ಅದೇ ಸಂದುಗಳಲ್ಲಿ. ನೀರು ಕಟ್ಟಿಕೊಂಡರೆ ಹೆಚ್ಚು ಲೋಡಿನಲ್ಲಿ ಸೆಲ್ ಕುಸಿಯುತ್ತದೆ. ಬಿಗಿ ಕಡಿಮೆಯಾದರೆ ವೋಲ್ಟೇಜ್ ಗೆರೆ ಎಳೆದ ಹಾಗೆ ನೇರವಾಗಿ ಇಳಿಯುತ್ತದೆ. ನೀರು ಕಟ್ಟಿದರೆ ಕೊನೆಯಲ್ಲಿ ಒಮ್ಮೆಲೇ ಮುಗ್ಗರಿಸುತ್ತದೆ. ಕರೆಂಟ್ ಏರಿದಂತೆ ವೋಲ್ಟೇಜ್ ಹೇಗೆ ಇಳಿಯುತ್ತದೆ ಎಂದು ತೋರಿಸುವ ಗ್ರಾಫಿನಲ್ಲಿ ಈ ವ್ಯತ್ಯಾಸ ಕಂಡೇ ಕಾಣುತ್ತದೆ.

ನಮ್ಮ ಕಡಲಂಚಿನಲ್ಲಿ ಉಪ್ಪಿನ ಗಾಳಿಯ ಕಾಟ ಬೇರೆ. ಲೇಪವಿಲ್ಲದ ಸ್ಟೀಲ್ ಪ್ಲೇಟಾದರೆ ಕ್ಲೋರೈಡ್ ಅದನ್ನು ತಿನ್ನುತ್ತದೆ, ಮೇಲಿನ ಆಕ್ಸೈಡ್ ಪದರ ಕರೆಂಟಿಗೆ ಅಡ್ಡವಾಗುತ್ತದೆ. ಬಿಚ್ಚಿದ ಪ್ಲೇಟನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಬೆವರಿನಲ್ಲೂ ಉಪ್ಪಿದೆ.

ಮತ್ತೆ ಜೋಡಿಸುವಾಗ ಹುಡುಗರಿಗೆ ಎಷ್ಟು ಬಿಗಿದೆವು ಎಂದು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಕೊಟ್ಟೆ. ಲಾರಿ ಚಕ್ರದ ನಟ್ಟಿನ ಹಾಗೆ ಎದುರುಬದುರಾಗಿ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರು. ಮರುದಿನ ಪರೀಕ್ಷೆಗೆಂದು ಮತ್ತೆ ಬಿಚ್ಚಿದಾಗ ಪೇಪರಿನ ಮೇಲೆ ಸಾಲುಸಾಲು ಗೆರೆ, ಮೂಲೆಯಿಂದ ಮೂಲೆಗೆ.